ಇಳಿದ ತೂಕಕ್ಕೆ ಮೊದಲ ಬಹುಮಾನ

ನಾನು ದಪ್ಪ. ಇದನ್ನು ನಾನೇ ಮೊದಲು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಬೇರೆಯವರು ಹೇಳುತ್ತಾರೆ, ಹೇಳುವಾಗ ಅವರ ಮುಖದ ಮೇಲೆ ಬರುವ ಆ ಕನಿಕರ ನೋಡಿದರೆ ನನಗೆ ಮೈ ಉರಿದುಹೋಗುತ್ತದೆ. ನಮ್ಮ ಮನೆಗೆ ಇಬ್ಬರು ಸೊಸೆಯಂದಿರು. ದೊಡ್ಡವಳು ನಾನು, ಚಿಕ್ಕವಳು ನನ್ನ ವಾರಗಿತ್ತಿ. ಒಂದೇ ಮನೆ, ಒಂದೇ ಒಲೆ, ಒಂದೇ ಅತ್ತೆ; ಸಾಲದು ಎಂಬಂತೆ ಒಂದೇ ಕಾರ್ಖಾನೆ. ಕೂಲ್‌ಡ್ರಿಂಕ್ಸ್ ತುಂಬುವ ಆ ಕಾರ್ಖಾನೆಯಲ್ಲಿ ಅಕ್ಕಪಕ್ಕದ ಸ್ಟೂಲಿನಲ್ಲಿ ಕೂತು ಬಾಟಲಿ ನೋಡುವುದು ನಮ್ಮಿಬ್ಬರ ಕೆಲಸ.

ಬಾಟಲಿ ನೋಡುವುದು ಎಂದರೆ ನಗಬೇಡಿ. ಎದುರಿಗೆ ಒಂದು ಬಿಳಿ ಗಾಜಿನ ಹಲಗೆ, ಅದರ ಹಿಂದೆ ದೀಪ. ಹಲಗೆಯ ಮುಂದೆ ಬೆಲ್ಟಿನ ಮೇಲೆ ತುಂಬಿದ ಬಾಟಲಿಗಳು ಸಾಲುಗಟ್ಟಿ ಹೋಗುತ್ತಿರುತ್ತವೆ. ಒಳಗೆ ಕಸವಿದೆಯೇ, ಬಾಯಿ ಒಡೆದಿದೆಯೇ, ಕಮ್ಮಿ ತುಂಬಿದೆಯೇ ಎಂದು ನೋಡಬೇಕು. ತಪ್ಪಿದ್ದನ್ನು ಎತ್ತಿ ಪಕ್ಕದ ಕ್ರೇಟಿಗೆ ಹಾಕಬೇಕು. ಕಣ್ಣು ಅತ್ತಿತ್ತ ಹೋಗುವಂತಿಲ್ಲ. ಏಳಬೇಕೆಂದರೆ ನಮ್ಮ ಜಾಗದಲ್ಲಿ ಕೂರಲು ಬದಲಿಯವಳು ಬರಬೇಕು, ನಾವು ಕೂರುವ ಇಡೀ ಹಾಲ್‌ಗೆ ಬದಲಿಯವಳು ಒಬ್ಬಳೇ. ನನ್ನ ಸ್ಟೂಲಿನ ಪಕ್ಕದ ಕಂಬದ ಮೇಲೆ ಒಂದು ಕೆಂಪು ಗುಂಡಿ ಇದೆ. ಬೆಲ್ಟಿನ ಮೇಲೆ ಒಡೆದ ಗಾಜು ಕಂಡರೆ ಅದನ್ನು ಒತ್ತಬೇಕು; ಆಗ ಕಾರ್ಖಾನೆಯ ಒಂದು ಕಡೆಯಿಂದ ಇನ್ನೊಂದು ಕಡೆಯವರೆಗೆ ಎಲ್ಲವೂ ನಿಲ್ಲುತ್ತದೆ, ಸೈರನ್ ಕೂಗುತ್ತದೆ. ಅದು ಗಾಜಿಗೆ ಮಾತ್ರ ಎಂದು ಕೆಲಸಕ್ಕೆ ಸೇರಿದ ದಿನವೇ ಹೇಳಿಕೊಟ್ಟಿದ್ದರು.

ಇನ್ನೊಂದು ನಿಯಮವಿತ್ತು. ಮನೆಯಿಂದ ನೀರು ತರುವಂತಿಲ್ಲ. ಹೊರಗಿನ ಬಾಟಲಿ ಬೆಲ್ಟಿನ ಹತ್ತಿರ ಬಂದರೆ ಮಾಲು ಕೆಡುತ್ತದಂತೆ. ಕುಡಿಯುವ ನೀರಿನ ನಲ್ಲಿ ಇದ್ದದ್ದು ಅಂಗಳ ದಾಟಿ, ಶೌಚಾಲಯದ ಪಕ್ಕ. ಬದಲಿಯವಳು ಬರುವವರೆಗೆ ಬಾಯಾರಿದರೆ? ಅದಕ್ಕೂ ಕಂಪನಿ ಉಪಕಾರ ಮಾಡಿತ್ತು. ಕಮ್ಮಿ ತುಂಬಿದ ಬಾಟಲಿಗಳು ಕ್ರೇಟಿನಲ್ಲಿ ಇರುತ್ತವಲ್ಲ, ಅವುಗಳಿಂದ ಎಷ್ಟು ಬೇಕೋ ಅಷ್ಟು ಕುಡಿಯಬಹುದು. ನೀರಿಗೆ ಬೇಡಬೇಕು, ಸಕ್ಕರೆ ಪಾಕ ಕೈಗೆಟುಕುವಷ್ಟು ಹತ್ತಿರ. ವರ್ಷಗಟ್ಟಲೆ ನಾವು ಹಾಗೇ ಕೂತೆವು, ಹಾಗೇ ಕುಡಿದೆವು. ಹೊಟ್ಟೆ ಮುಂದೆ ಬಂತು. ಅದರಲ್ಲಿ ಆಶ್ಚರ್ಯವೇನಿದೆ ಹೇಳಿ.

ಆಶ್ಚರ್ಯಪಟ್ಟವರು ಒಬ್ಬರೇ, ನಮ್ಮ ಕ್ಷೇಮದ ಸಾಹೇಬರು. ಕಾರ್ಮಿಕರ ಕ್ಷೇಮ ನೋಡಿಕೊಳ್ಳಲೆಂದು ಕಂಪನಿ ಇಟ್ಟುಕೊಂಡಿದ್ದ ಅಧಿಕಾರಿ. ಸದಾ ಇಸ್ತ್ರಿ ಮುರಿಯದ ಅಂಗಿ, ಕೈಯಲ್ಲಿ ಸದಾ ಮುಚ್ಚಳ ತೆಗೆದ ಪೆನ್ನು. ಯಾರೋ ದೊಡ್ಡವರು ಬಂದು ನೋಡಿ, ನಿಮ್ಮಲ್ಲಿ ಸಕ್ಕರೆ ಕಾಯಿಲೆಯವರು ಜಾಸ್ತಿ ಎಂದರಂತೆ. ಮರುವಾರವೇ ಗೇಟಿನ ಒಳಗೆ ಒಂದು ತೂಕದ ಯಂತ್ರ ಬಂತು, ಅದರ ಪಕ್ಕ ಒಂದು ಬೋರ್ಡು. ಯಾರು ಹೆಚ್ಚು ತೂಕ ಇಳಿಸುತ್ತಾರೋ ಅವರ ಹೆಸರು ಬೋರ್ಡಿನ ಮೇಲ್ಗಡೆ, ಕೊನೆಗೆ ಮೊದಲ ಬಹುಮಾನ.

"ಸಕ್ಕರೆ ಕಾಯಿಲೆ ತಡೆಯೋದು ನಿಮ್ಮ ಕೈಯಲ್ಲೇ ಇದೆ," ಎಂದು ಅವರು ಅಂಗಳದಲ್ಲಿ ನಿಲ್ಲಿಸಿ ಭಾಷಣ ಮಾಡಿದರು. "ಹೊಟ್ಟೆ ಬೊಜ್ಜು ಕರಗಿಸಿ. ತಿನ್ನೋದು ಕಮ್ಮಿ ಮಾಡಿ. ದಿನಾ ನಡೀರಿ."

"ಎಲ್ಲಿ ನಡೀಬೇಕು ಸಾರ್?" ಎಂದೆ ನಾನು. "ಸ್ಟೂಲಿಂದ ಏಳೋಕೇ ಬಿಡಲ್ವಲ್ಲ."

"ಮನೆಗೆ ಹೋದ್ಮೇಲೆ ನಡೀರಿ ಅಮ್ಮ."

"ನಡೀತೀವಲ್ಲ ಸಾರ್. ಒಲೆಯಿಂದ ಬಚ್ಚಲಿಗೆ, ಬಚ್ಚಲಿಂದ ಒಲೆಗೆ."

ಹೆಂಗಸರೆಲ್ಲ ಬಾಯಿಗೆ ಸೆರಗು ಹಿಡಿದು ನಕ್ಕರು. ಸಾಹೇಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಇಂಥವರಿಗೆ ಹೇಳಿ ಪ್ರಯೋಜನವಿಲ್ಲ ಎಂಬ ಮುಖ ಮಾಡಿದರು. ಅವರು ಹೇಳಿದ್ದು ಸುಳ್ಳಲ್ಲ, ಅದು ನನಗೂ ಗೊತ್ತು. ಆದರೆ ಕಟ್ಟಿಹಾಕಿ, ಬಾಯಿಗೆ ಸಕ್ಕರೆ ಸುರಿದು, ಆಮೇಲೆ ಯಾಕೆ ಊದಿಕೊಂಡೆ ಎಂದು ಕೇಳುವವರ ಬಾಯಲ್ಲಿ ನಿಜವೂ ಬೈಗುಳದಂತೆ ಕೇಳಿಸುತ್ತದೆ.

ನನ್ನ ವಾರಗಿತ್ತಿ ಮಾತ್ರ ಆ ಮಾತನ್ನು ಮನಸ್ಸಿಗೆ ಹಚ್ಚಿಕೊಂಡಳು. ಅವಳೂ ನನ್ನ ಹಾಗೆ ಗುಂಡಗಿದ್ದವಳೇ. ರಾತ್ರಿ ಊಟ ಅರ್ಧ ಮಾಡಿದಳು, ಸಂಜೆ ಕೆಲಸ ಮುಗಿಸಿ ಬಂದು ಬೀದಿಯ ತುದಿಯವರೆಗೆ ನಡೆದಳು. ಸ್ವಲ್ಪ ಇಳಿದಳು, ಮುಖದಲ್ಲಿ ಕಳೆ ಬಂತು. ನನಗೂ ಖುಷಿಯಾಯಿತು, ನಿಜಕ್ಕೂ. ಆಮೇಲೆ ಬೀದಿಯಲ್ಲಿ ಒಳಚರಂಡಿಗೆಂದು ಅಗೆದು ಹಾಕಿದರು, ಅವಳ ನಡಿಗೆ ನಿಂತಿತು. ಊಟವೂ ಮೊದಲಿನಂತಾಯಿತು, ಮೊದಲಿಗಿಂತ ಜಾಸ್ತಿಯೇ ಆಯಿತು. ಆದರೆ ತೂಕ ಇಳಿಯುವುದು ನಿಲ್ಲಲಿಲ್ಲ.

ರವಿಕೆ ಸಡಿಲವಾಯಿತು. ಬೆರಳಿನಿಂದ ಉಂಗುರ ಜಾರುತ್ತದೆಂದು ದಾರ ಸುತ್ತಿಕೊಂಡಳು. ಬೋರ್ಡಿನಲ್ಲಿ ಅವಳ ಹೆಸರು ಮೇಲೇರುತ್ತ ಏರುತ್ತ ಎಲ್ಲರಿಗಿಂತ ಮೇಲೆ ಹೋಗಿ ಕೂತಿತು. ಲಾರಿ ಓಡಿಸುವ ನನ್ನ ಮೈದುನ, ವಾರಕ್ಕೊಮ್ಮೆ ಮನೆಗೆ ಬರುವವನು, ಗೇಟಿನ ಹತ್ತಿರ ಹೋಗಿ ಆ ಬೋರ್ಡಿನ ಫೋಟೋ ತೆಗೆದು ಮೊಬೈಲಿನಲ್ಲಿ ಇಟ್ಟುಕೊಂಡ. ನಮ್ಮತ್ತೆಯಂತೂ ಬಂದವರಿಗೆಲ್ಲ ಚಿಕ್ಕ ಸೊಸೆಯನ್ನು ತಿರುಗಿಸಿ ತಿರುಗಿಸಿ ತೋರಿಸಿದರು.

"ನೋಡು, ಮನಸ್ಸು ಮಾಡಿದ್ರೆ ಆಗುತ್ತೆ," ಎಂದರು ನನಗೆ, ನನ್ನ ತಟ್ಟೆಯ ಕಡೆ ಒಂದು ಕಣ್ಣು ಹಾಯಿಸಿ.

ಅವರ ಕಣ್ಣು ತಟ್ಟೆಯ ಮೇಲಿತ್ತು. ನನ್ನ ಕಣ್ಣು ಬೇರೆ ಕಡೆ ಇತ್ತು, ಯಾಕೆಂದರೆ ದಿನವಿಡೀ ಅವಳ ಪಕ್ಕ ಕೂರುವವಳು ನಾನು. ಅವಳ ಪಕ್ಕದ ಕ್ರೇಟು ಮಧ್ಯಾಹ್ನದೊಳಗೆ ಖಾಲಿಯಾಗುತ್ತಿತ್ತು. ಒಂದು ಬಾಟಲಿ ಮುಗಿಸಿ ತುಟಿ ಒರೆಸಿಕೊಳ್ಳುವಷ್ಟರಲ್ಲಿ ಇನ್ನೊಂದಕ್ಕೆ ಕೈ ಹೋಗುತ್ತಿತ್ತು. ಶೌಚಾಲಯಕ್ಕೆ ಹೋಗಲು ಮತ್ತೆ ಮತ್ತೆ ಬದಲಿಯವಳನ್ನು ಕೂಗುತ್ತಿದ್ದಳು. "ಏನಮ್ಮ, ಅಲ್ಲೇ ಸ್ಟೂಲ್ ಹಾಕಿಸ್ಲಾ?" ಎಂದು ಮೇಸ್ತ್ರಿ ಇಡೀ ಹಾಲ್‌ಗೆ ಕೇಳುವಂತೆ ಅಂದು ನಕ್ಕ, ಅಂದಿನಿಂದ ಅವಳು ಕೂಗದೆ ತೊಡೆ ಬಿಗಿಹಿಡಿದು ಕೂರತೊಡಗಿದಳು. ದೂರದಿಂದಲೇ ಕೂದಲೆಳೆ ಗುರುತಿಸುತ್ತಿದ್ದ ಕಣ್ಣು ಅವಳದು. ಈಗ ಅರ್ಧ ತುಂಬಿದ ಬಾಟಲಿಯೇ ಅವಳನ್ನು ದಾಟಿ ನನ್ನ ಮುಂದೆ ಬರುತ್ತಿತ್ತು. ನಾನು ಸದ್ದಿಲ್ಲದೆ ಎತ್ತಿ ಪಕ್ಕಕ್ಕಿಡುತ್ತಿದ್ದೆ.

ಒಂದು ದಿನ ತಡೆಯಲಾರದೆ ಸಾಹೇಬರ ಕೋಣೆಗೆ ಹೋದೆ.

"ಸಾರ್, ಅವಳು ಸಣ್ಣಗಾಗ್ತಿರೋದು ಸರಿಯಿಲ್ಲ. ಹಸು ಕುಡಿದಂಗೆ ಕುಡೀತಾಳೆ, ಹೊಟ್ಟೆ ತುಂಬಾ ತಿಂತಾಳೆ, ಆದ್ರೂ ಕರಗ್ತಿದ್ದಾಳೆ. ಒಂದ್ಸಲ ರಕ್ತ ಪರೀಕ್ಷೆ ಮಾಡ್ಸಿ."

"ರಕ್ತ ಪರೀಕ್ಷೆ ಇರೋದು ತೂಕ ಜಾಸ್ತಿ ಇರೋರಿಗೆ," ಎಂದರು. ಪೆನ್ನಿನ ತುದಿ ನನ್ನ ಕಡೆ ತಿರುಗಿತು. "ನಿಮ್ಮಂಥೋರಿಗೆ. ಅವ್ರು ನಿಮಗೆ ಏನಾಗ್ಬೇಕು?"

"ವಾರಗಿತ್ತಿ."

"ಹಾಗನ್ನಿ ಮತ್ತೆ." ಅವರ ಮುಖ ಅರಳಿತು, ಏನೋ ಒಗಟು ಬಿಡಿಸಿದವರ ಹಾಗೆ. "ಹೊಟ್ಟೆಕಿಚ್ಚು ಬೇಡಮ್ಮ. ಅವರನ್ನ ನೋಡಿ ಕಲೀರಿ."

ಹಲ್ಲು ಕಚ್ಚಿಕೊಂಡು ಹೊರಗೆ ಬಂದೆ. ವಾರಗಿತ್ತಿಯರೆಂದರೆ ಹೊಟ್ಟೆಕಿಚ್ಚು ಇರಲೇಬೇಕು, ದಪ್ಪಗಿರುವವಳು ತೆಳ್ಳಗಾದವಳ ಬಗ್ಗೆ ಬಾಯಿ ತೆರೆದರೆ ಅದು ಕಿಚ್ಚೇ ಆಗಿರಬೇಕು. ಎರಡು ಬೇಲಿ ಹಾಕಿ ನನ್ನ ಮಾತನ್ನು ಒಳಗೇ ಕೂಡಿಹಾಕಿದ್ದರು.

ಮನೆಯಲ್ಲಾದರೂ ಕೇಳುತ್ತಾರೆಯೇ ಎಂದರೆ ಅದೂ ಇಲ್ಲ. ಅತ್ತೆಗೆ ಬಹಳ ವರ್ಷದ ಸಕ್ಕರೆ ಕಾಯಿಲೆ. ಬೆರಳು ಚುಚ್ಚಿ ನೋಡುವ ಪುಟ್ಟ ಮಿಷಿನ್ ಅವರ ತಲೆದಿಂಬಿನ ಪಕ್ಕವೇ ಇರುತ್ತಿತ್ತು. ಒಂದು ಭಾನುವಾರ ಮಧ್ಯಾಹ್ನ ಅದನ್ನು ತಂದು ಮುಂದಿಟ್ಟೆ.

"ಅತ್ತೆ, ಇವಳದ್ದು ಒಂದ್ಸಲ ನೋಡೋಣ."

"ನಿಂಗೇನಾಗಿದೆ?" ಎಂದರು ಅತ್ತೆ. "ಸಣ್ಣಗಾದೋಳಿಗೆ ಸಕ್ಕರೆ ಎಲ್ಲಿಂದ ಬರುತ್ತೆ? ಅದು ನಮ್ಮಂಥ ಮೈಯೋರಿಗೆ ಬರೋದು. ನಿನ್ನ ಬೆರಳು ಕೊಡು ಮೊದಲು."

ಕೊಟ್ಟೆ. ಚುಚ್ಚಿದರು. ಮಿಷಿನ್ ತೋರಿಸಿದ ಅಂಕಿ ಅಷ್ಟೇನೂ ಒಳ್ಳೆಯದಲ್ಲ, ತೀರಾ ಕೆಟ್ಟದ್ದೂ ಅಲ್ಲ. "ನೋಡಿದ್ಯಾ?" ಎಂದರು ಅತ್ತೆ, ಪಂದ್ಯ ಗೆದ್ದವರ ಹಾಗೆ. ನಾನು ವಾರಗಿತ್ತಿಯ ಕೈ ಹಿಡಿದು ಎಳೆದೆ. ಅವಳು ಬೆರಳು ಮಡಚಿಕೊಂಡಳು.

"ಬಹುಮಾನದ ದಿನ ಆಗ್ಲಿ ಅಕ್ಕ, ಆಮೇಲೆ ಚುಚ್ಚು."

"ಬಹುಮಾನಕ್ಕೆ ಬೆಂಕಿ ಹಾಕ. ಮೊದಲು ಕೈ ಕೊಡೇ."

ಅವಳು ಕೊಡಲಿಲ್ಲ. ಅತ್ತೆ ಒಳಗೆ ಹೋಗುವವರೆಗೆ ಕಾದು, ಒಣಗಿದ ತುಟಿ ಸವರಿಕೊಂಡು ಹೇಳಿದಳು: "ಈ ಮನೆಗೆ ಬಂದಾಗಿನಿಂದ ಮೊದಲ ಸಲ ನನ್ನ ಬಗ್ಗೆ ನಾಲ್ಕು ಜನ ಒಳ್ಳೇ ಮಾತಾಡ್ತಿದ್ದಾರೆ. ಮಿಷಿನ್ನಲ್ಲಿ ಏನಾದ್ರೂ ಬಂದ್ರೆ ಅದೂ ಹೋಗುತ್ತೆ. ಅದನ್ನ ಕಿತ್ಕೋಬೇಡ ಅಕ್ಕ."

ಮಿಷಿನ್ನನ್ನು ಅತ್ತೆಯ ತಲೆದಿಂಬಿನ ಪಕ್ಕ ವಾಪಸ್ ಇಟ್ಟೆ. ಸಿಟ್ಟು ಬಂದದ್ದು ಅವಳ ಮೇಲಲ್ಲ. ಬೆಳಗಿನಿಂದ ರಾತ್ರಿಯವರೆಗೆ ದುಡಿಯುವ ಹೆಂಗಸಿಗೆ ಒಂದು ಒಳ್ಳೆಯ ಮಾತು ಸಿಗಬೇಕಾದರೆ ಅವಳು ಕರಗಿ ಅರ್ಧವಾಗಬೇಕು ಎಂದು ಮಾಡಿಟ್ಟಿದ್ದರಲ್ಲ, ಅವರ ಮೇಲೆ.

ಬಹುಮಾನದ ದಿನ ಬಂತು. ಅಂಗಳದಲ್ಲಿ ಶಾಮಿಯಾನ, ವೇದಿಕೆ, ಕಂಪನಿಯ ಹೆಸರಿನ ಬಣ್ಣದ ಬಟ್ಟೆ. ಮಧ್ಯಾಹ್ನ ಊಟದ ಹೊತ್ತಿಗೆ ಸಮಾರಂಭ, ಅಲ್ಲಿಯವರೆಗೆ ಬೆಲ್ಟು ನಿಲ್ಲುವಂತಿಲ್ಲ. ವಾರಗಿತ್ತಿ ಬೆಳಿಗ್ಗೆಯೇ ವಾಂತಿ ಮಾಡಿಕೊಂಡಿದ್ದಳು. ಬೇಡವೆಂದರೂ ಕೇಳದೆ ತನ್ನ ಒಳ್ಳೆಯ ಸೀರೆ ಉಟ್ಟು ಬಂದಿದ್ದಳು. ಅದು ಅವಳ ಮೈಮೇಲೆ ಬೇರೆಯವರ ಸೀರೆಯಂತೆ ಕಾಣುತ್ತಿತ್ತು. ಕೂತಲ್ಲೇ ಬೆಟ್ಟ ಹತ್ತಿದವಳ ಹಾಗೆ ಉಸಿರಾಡುತ್ತಿದ್ದಳು. ಅವಳ ಉಸಿರಿನಲ್ಲಿ ಕೊಳೆಯುವಷ್ಟು ಮಾಗಿದ ಹಣ್ಣಿನ ವಾಸನೆ ಇತ್ತು.

"ಬದಲಿಯವಳನ್ನ ಕಳ್ಸಿ, ಇವಳಿಗೆ ಹುಷಾರಿಲ್ಲ," ಎಂದು ಮೇಸ್ತ್ರಿಯನ್ನು ಕೂಗಿದೆ.

"ಅವಳು ವೇದಿಕೆ ಸಿಂಗಾರ ಮಾಡೋಕೆ ಹೋಗಿದ್ದಾಳೆ. ಸ್ವಲ್ಪ ತಡ್ಕೊಳ್ಳಿ. ಆಮೇಲೆ ಹೇಗೂ ಸ್ಟೇಜಿಗೇ ಹೋಗ್ತಾರಲ್ಲ, ಕುರ್ಚಿ ಹಾಕಿದ್ದಾರೆ."

ವಾರಗಿತ್ತಿಯ ಕೈ ಕ್ರೇಟಿನ ಕಡೆ ಹೋಯಿತು. ಬಾಟಲಿ ಹಿಡಿದಳು, ಹಿಡಿತ ನಿಲ್ಲಲಿಲ್ಲ. ಬಾಟಲಿ ಮಡಿಲಿಗೆ ಉರುಳಿ ಒಳ್ಳೆಯ ಸೀರೆಯ ಮೇಲೆಲ್ಲ ಚೆಲ್ಲಿತು. "ಅಕ್ಕ, ಕಣ್ಣು ಕಾಣಿಸ್ತಿಲ್ಲ," ಎಂದಳು. ಅವಳ ತಲೆ ಮುಂದೆ ವಾಲಿ ಬಿಳಿ ಹಲಗೆಗೆ ತಾಗಿತು. ದೀಪದ ಬೆಳಕಿನಲ್ಲಿ ಅವಳ ಕೆನ್ನೆಯ ಮೂಳೆ ಕಂಡಿತು. ಬಾಟಲಿಗಳು ಅವಳ ಮುಖದ ಪಕ್ಕದಲ್ಲೇ ಸಾಲಾಗಿ ಹೋಗುತ್ತಿದ್ದವು.

ನಾನು ಕೆಂಪು ಗುಂಡಿ ಒತ್ತಿದೆ.

ಬೆಲ್ಟು ನಿಂತಿತು. ಸೈರನ್ ಕೂಗಿತು. ಮೇಸ್ತ್ರಿ ಓಡಿಬಂದ, ಅವನ ಹಿಂದೆ ಮೂವರು. ಬಂದವರೆಲ್ಲ ಬೆಲ್ಟಿನ ಮೇಲೆ ಬಗ್ಗಿದರು. ಒಬ್ಬನಾದರೂ ಅವಳ ಕಡೆ ನೋಡಬೇಕಲ್ಲ.

"ಎಲ್ಲಿ ಗಾಜು? ಯಾವ ಬಾಟ್ಲಿ?"

"ಬಾಟ್ಲಿ ಅಲ್ಲ. ಇವಳು."

ಮೇಸ್ತ್ರಿ ಬೆಲ್ಟಿನಿಂದ ತಲೆಯೆತ್ತಿದ. "ಗಾಜಿಗೆ ಮಾತ್ರ ಒತ್ಬೇಕು ಅಂತ ಗೊತ್ತಿಲ್ವಾ ನಿಂಗೆ?"

"ಗಾಜು ಒಡೆದ್ರೆ ಕಾರ್ಖಾನೆ ನಿಲ್ಲಿಸ್ತೀರ. ನಾವು ಒಡೆದ್ರೆ ಬದಲಿಯವಳಿಗೆ ಕಾಯ್ಬೇಕು, ಅಲ್ವಾ? ದಾರಿ ಬಿಡಯ್ಯ."

ಹಾಲ್‌ನಲ್ಲಿದ್ದ ಹೆಂಗಸರೆಲ್ಲ ಎದ್ದು ಬಂದಿದ್ದರು. ಎತ್ತಿಕೊಂಡೆವು. ಎತ್ತಿದಾಗ ಅವಳು ಎಷ್ಟು ಹಗುರ ಎಂದು ಗೊತ್ತಾಯಿತು. ಯಂತ್ರದ ಮುಳ್ಳಿನಲ್ಲಿ ನೋಡಿ ಚಪ್ಪಾಳೆ ತಟ್ಟಿದ್ದನ್ನು ಈಗ ಎಲ್ಲರೂ ಕೈಯಲ್ಲಿ ಹಿಡಿದಿದ್ದೆವು. ಅಂಗಳಕ್ಕೆ ಬಂದಾಗ ಕ್ಷೇಮದ ಸಾಹೇಬರು ವೇದಿಕೆಯಿಂದ ಇಳಿದು ಓಡಿಬಂದರು.

"ಉಪವಾಸದ ಸುಸ್ತು ಅಷ್ಟೇ. ಗಾಬರಿ ಆಗ್ಬೇಡಿ. ಸ್ವಲ್ಪ ಸಿಹಿ ಕುಡಿಸಿದ್ರೆ ಸರಿಹೋಗ್ತಾರೆ." ವೇದಿಕೆಯ ಮೇಜಿನ ಮೇಲೆ ಅತಿಥಿಗಳಿಗೆಂದು ಇಟ್ಟಿದ್ದ ಬಾಟಲಿಯೊಂದನ್ನು ತಂದು ಅವಳ ತುಟಿಗೆ ಹಿಡಿದರು.

ನಾನು ಅವರ ಕೈಗೆ ಹೊಡೆದೆ. ಬಾಟಲಿ ಹಾರಿಹೋಗಿ ಇಸ್ತ್ರಿ ಮುರಿಯದ ಅಂಗಿಯನ್ನು ತೋಯಿಸಿ ಕೆಳಗೆ ಬಿತ್ತು. ಅದಕ್ಕೆ ನನಗೆ ಈಗಲೂ ಪಶ್ಚಾತ್ತಾಪವಿಲ್ಲ. "ವ್ಯಾನ್ ತೆಗೆಸಿ," ಎಂದೆ. ತೆಗೆಸಿದರು.

ಆಸ್ಪತ್ರೆಯಲ್ಲಿ ಬೆರಳು ಚುಚ್ಚಿದಾಗ ಮಿಷಿನ್ ಅಂಕಿಯನ್ನೇ ತೋರಿಸಲಿಲ್ಲ. ತನ್ನ ಅಳತೆಗೂ ಮೀರಿದೆ ಎಂದಷ್ಟೇ ತೋರಿಸಿತು. ಒಳಗೆ ಕರೆದುಕೊಂಡು ಹೋದರು, ಎರಡೂ ಕೈಗೆ ನಳಿಕೆ ಹಾಕಿದರು. ಸಂಜೆ ಡಾಕ್ಟರಮ್ಮ ಹೊರಗೆ ಬಂದು ನನ್ನನ್ನೂ ಅತ್ತೆಯನ್ನೂ ಬೆಂಚಿನ ಮೇಲೆ ಕೂರಿಸಿಕೊಂಡರು. ಅವರಿಗೆ ನಿದ್ದೆಯಿಲ್ಲದ ಕಣ್ಣು, ಸುತ್ತಿ ಬಳಸದ ಮಾತು.

"ನಾಳೆವರೆಗೆ ಬಿಟ್ಟಿದ್ರೆ ಉಳೀತಿರ್ಲಿಲ್ಲ. ಈಗ ಉಳೀತಾರೆ ಅನ್ಸುತ್ತೆ. ಇಷ್ಟು ತೂಕ ಇಳಿದಾಗ ಯಾರೂ ಯಾಕೆ ಅಂತ ಕೇಳ್ಲಿಲ್ವಾ?"

"ಎಲ್ರೂ ಹೊಗಳಿದ್ರು," ಎಂದೆ.

ಡಾಕ್ಟರಮ್ಮ ಹಣೆ ಒತ್ತಿಕೊಂಡರು. ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದರು. ವರ್ಷಗಟ್ಟಲೆ ಕೂತೇ ಇರುವುದು, ನೀರಿನ ಬದಲು ಸಿಹಿ ಕುಡಿಯುವುದು, ಸೊಂಟದ ಸುತ್ತ ಬೊಜ್ಜು ಕಟ್ಟುವುದು, ಇವೆಲ್ಲ ಸೇರಿ ಅವಳಿಗೆ ಯಾವಾಗಲೋ ಸಕ್ಕರೆ ಕಾಯಿಲೆ ಶುರುವಾಗಿತ್ತು. ರಕ್ತದಲ್ಲಿ ಸಕ್ಕರೆ ತುಂಬಿ ತುಳುಕಿದರೂ ಮೈಗೆ ಅದನ್ನು ಬಳಸಿಕೊಳ್ಳಲು ಆಗುತ್ತಿರಲಿಲ್ಲ. ಅದು ಮೂತ್ರದಲ್ಲಿ ಹರಿದುಹೋಗುತ್ತಿತ್ತು, ಹೋಗುವಾಗ ಮೈಯ ನೀರನ್ನೂ ಎಳೆದುಕೊಂಡು ಹೋಗುತ್ತಿತ್ತು. ಅದಕ್ಕೇ ಆ ಬಾಯಾರಿಕೆ. ಬಾಯಾರಿಕೆಗೆ ಮತ್ತೆ ಅದೇ ಸಿಹಿ.

"ನಡೆದು, ಊಟ ನೋಡ್ಕೊಂಡು ಇಳಿಸಿದ ತೂಕ ಕಾಯಿಲೆನ ದೂರ ಇಡುತ್ತೆ," ಎಂದರು. "ಇದು ಇಳಿಸಿದ ತೂಕ ಅಲ್ಲಮ್ಮ. ಸೋರಿಹೋದ ತೂಕ."

ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. "ಮಿಷಿನ್ ಮನೇಲೇ ಇತ್ತು," ಎಂದು ಅದನ್ನೇ ಮತ್ತೆ ಮತ್ತೆ ಹೇಳಿದರು. ಎಷ್ಟು ಸಿಟ್ಟಿದ್ದರೂ ಆ ಹೊತ್ತಿನಲ್ಲಿ ನನಗೆ ಅವರನ್ನು ಬೈಯಲು ಬಾಯಿ ಬರಲಿಲ್ಲ.

ಡಾಕ್ಟರಮ್ಮ ನನ್ನ ರಕ್ತವನ್ನೂ ನೋಡಿದರು. ಕಾಯಿಲೆಯ ಹೊಸ್ತಿಲಲ್ಲಿ ನಿಂತಿದ್ದೀರಿ, ಒಳಗೆ ಕಾಲಿಟ್ಟಿಲ್ಲ ಎಂದರು. ಆ ಬಾಟಲಿ ಬಿಡಿ, ದಿನಾ ನಡೆಯಿರಿ, ಸ್ವಲ್ಪವೇ ತೂಕ ಇಳಿದರೂ ಹಿಂದಕ್ಕೆ ಬರಬಹುದು ಎಂದರು. ವಿಚಿತ್ರವೆಂದರೆ ನನಗೆ ಸಿಟ್ಟು ಬರಲಿಲ್ಲ. ಸಾಹೇಬರು ಹೇಳಿದ್ದೂ ಇದನ್ನೇ. ಆದರೆ ಈಕೆ, ದಿನಾ ಎಷ್ಟು ಹೊತ್ತು ಕೂರ್ತೀರಿ, ನೀರು ಎಲ್ಲಿ ಸಿಗುತ್ತೆ ಎಂದು ಮೊದಲು ಕೇಳಿದರು, ಆಮೇಲೆ ಹೇಳಿದರು.

ವಾರಗಿತ್ತಿ ಎದ್ದು ಕೂರುವಷ್ಟಾದ ದಿನ ಸಾಹೇಬರು ವಾರ್ಡಿಗೆ ಬಂದರು, ಜೊತೆಗೊಬ್ಬ ಫೋಟೋದವನು. ಬಹುಮಾನ ಆಗಲೇ ಪ್ರಕಟವಾಗಿದೆ, ಕೊಡದೆ ಇದ್ದರೆ ಚೆನ್ನಾಗಿರುವುದಿಲ್ಲ ಎಂದರು. ಬಹುಮಾನ ಏನೆಂದು ನೀವು ಊಹಿಸಲಾರಿರಿ. ಕೆಂಪು ರಿಬ್ಬನ್ ಕಟ್ಟಿದ ಒಂದು ತುಂಬಿದ ಕ್ರೇಟು. ಪೂರ್ತಿ ತುಂಬಿದ ಬಾಟಲಿಗಳು, ಒಂದರಲ್ಲೂ ಕಮ್ಮಿಯಿಲ್ಲ.

ವಾರಗಿತ್ತಿ ಅದನ್ನು ನೋಡಿದಳು. ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

"ತಗೊಂಡ್ಹೋಗಿ ಸಾರ್," ಎಂದೆ. "ನಾನು ಎತ್ತಿ ಎಸೆಯೋಕೆ ಮೊದಲು ತಗೊಂಡ್ಹೋಗಿ." ಅವರು ನನ್ನ ಕೈ ನೋಡಿದರು, ಆಮೇಲೆ ತಮ್ಮ ಅಂಗಿ ನೋಡಿಕೊಂಡರು. ಹೋಗುವಾಗ, ಬೆಲ್ಟು ನಿಲ್ಲಿಸಿದ್ದಕ್ಕೆ ನನ್ನ ಮೇಲೆ ವಿಚಾರಣೆ ಇದೆ ಎಂದು ಹೇಳುವುದನ್ನು ಮರೆಯಲಿಲ್ಲ. ವಿಚಾರಣೆ ನಡೆಯಲಿಲ್ಲ, ನಡೆದರೆ ನಾನು ಬಾಯಿ ಬಿಡುತ್ತೇನೆಂದು ಅವರಿಗೂ ಗೊತ್ತಿತ್ತು.

ಇನ್ಸುಲಿನ್ ಚುಚ್ಚಿಕೊಳ್ಳುವುದನ್ನು ಕಲಿತು, ಊಟದ ಹದ ಕಲಿತು, ವಾರಗಿತ್ತಿ ಮತ್ತೆ ಕೆಲಸಕ್ಕೆ ಬಂದಳು. ಮೈ ಕೈ ತುಂಬಿಕೊಂಡಿದ್ದಳು. ಕೆನ್ನೆ ಮೂಳೆಯ ಮೇಲೆ ಮಾಂಸ ಬಂದಿತ್ತು, ಉಂಗುರದ ದಾರ ಬಿಚ್ಚಿದ್ದಳು. ಸಂಜೆ ನಾವಿಬ್ಬರೂ ಅಗೆದ ಬೀದಿ ಬಿಟ್ಟು ಹಿಂದಿನ ರಸ್ತೆಯಲ್ಲಿ ನಡೆಯತೊಡಗಿದ್ದೆವು. ಅತ್ತೆಯೂ ಕೋಲು ಹಿಡಿದು ಅರ್ಧ ದಾರಿ ಬರುತ್ತಿದ್ದರು, ದಾರಿಯುದ್ದಕ್ಕೂ ನಮ್ಮಿಬ್ಬರ ತಪ್ಪು ಹುಡುಕುತ್ತ.

ಅವಳು ಕೆಲಸಕ್ಕೆ ಬಂದ ವಾರವೇ ಮತ್ತೆ ತೂಕದ ದಿನ. ಗೇಟಿನ ಒಳಗೆ ಸಾಲು. ಕ್ಷೇಮದ ಸಾಹೇಬರು ಪೆನ್ನು ಹಿಡಿದು ನಿಂತಿದ್ದರು. ವಾರಗಿತ್ತಿ ಯಂತ್ರದ ಮೇಲೆ ಹತ್ತಿದಳು. ಮುಳ್ಳು ಹಿಂದಿನ ಗುರುತನ್ನು ದಾಟಿ ಸಾಕಷ್ಟು ಮುಂದೆ ಹೋಗಿ ನಿಂತಿತು.

"ಛೆ ಛೆ," ಎಂದರು ಸಾಹೇಬರು, ನಿಜವಾದ ದುಃಖದಿಂದ. "ಅಷ್ಟು ಕಷ್ಟಪಟ್ಟು ಇಳಿಸಿದ್ದನ್ನೆಲ್ಲ ಹಾಳು ಮಾಡ್ಕೊಂಡ್ರಲ್ಲಮ್ಮ." ಬೋರ್ಡಿನ ಮೇಲ್ತುದಿಯಲ್ಲಿದ್ದ ಅವಳ ಹೆಸರನ್ನು ಬಟ್ಟೆಯಿಂದ ಒರೆಸಿದರು.

ನನ್ನ ಬಾಯಿಗೆ ಮಾತು ಬಂದಿತ್ತು. ಅಷ್ಟರಲ್ಲಿ ಅವಳೇ ಮಾತಾಡಿದಳು. ಯಾರೆದುರೂ ದನಿ ಎತ್ತದವಳು, ಒಂದು ಒಳ್ಳೆಯ ಮಾತಿಗಾಗಿ ಬೆರಳು ಮಡಚಿಕೊಂಡವಳು, ಯಂತ್ರದಿಂದ ಇಳಿಯದೆ ಅಲ್ಲೇ ನಿಂತಳು.

"ಹೆಸರು ಅಳಿಸಿ ಸಾರ್, ಪರವಾಗಿಲ್ಲ. ಆದ್ರೆ ಹಾಳು ಮಾಡ್ಕೊಂಡೆ ಅನ್ಬೇಡಿ. ನಾನು ಸಾಯ್ತಾ ಇದ್ದಾಗ ನೀವು ಮೊದಲ ಬಹುಮಾನ ಕೊಟ್ರಿ. ಈ ಮುಳ್ಳು ಮುಂದೆ ಹೋಗಿದೆಯಲ್ಲ, ಅದು ವಾಪಸ್ ಬಂದ ನನ್ನ ಜೀವ."

ಹಾಗೆ ಹೇಳಿ ಚೀಲದಿಂದ ಸ್ಟೀಲ್ ಬಾಟಲಿ ತೆಗೆದು, ಯಂತ್ರದ ಮೇಲೆ ನಿಂತೇ ನೀರು ಕುಡಿದಳು. ಗೇಟಿನವನು, ಹೊರಗಿನ ನೀರು ಒಳಗೆ ತರಬಾರದು ಎಂದ. ಸಾಲಿನಲ್ಲಿದ್ದ ಹೆಂಗಸರು ಒಬ್ಬೊಬ್ಬರಾಗಿ ತಮ್ಮ ಚೀಲದಿಂದ ಬಾಟಲಿ ತೆಗೆದರು. ಯಾರೂ ಹೇಳಿಕೊಟ್ಟಿರಲಿಲ್ಲ, ನನ್ನಾಣೆ, ಎಲ್ಲರೂ ತಂದಿದ್ದರು. ಗೇಟಿನವನು ಸಾಹೇಬರ ಮುಖ ನೋಡಿದ. ಸಾಹೇಬರು ಪೆನ್ನಿನ ಮುಚ್ಚಳ ಹುಡುಕುತ್ತಿದ್ದರು.

ನಾನು ಯಂತ್ರ ಹತ್ತಿದೆ. ಸ್ವಲ್ಪ ಇಳಿದಿದ್ದೆ. "ನಿಮ್ಮ ಹೆಸರು ಬರೀಲಾ?" ಎಂದರು ಸಾಹೇಬರು, ತಗ್ಗಿದ ದನಿಯಲ್ಲಿ. ಬೇಡ ಎಂದೆ. ಒಳಗೆ ಹೋಗಿ ಕೆಂಪು ಗುಂಡಿಯ ಪಕ್ಕದ ನನ್ನ ಸ್ಟೂಲಿನಲ್ಲಿ ಕೂತು, ನೀರಿನ ಬಾಟಲಿಯನ್ನು ಎಲ್ಲರಿಗೂ ಕಾಣುವ ಹಾಗೆ ಬೆಲ್ಟಿನ ಪಕ್ಕ ಇಟ್ಟೆ. ಮೇಸ್ತ್ರಿ ಬಂದ, ಬಾಟಲಿ ನೋಡಿದ, ಗುಂಡಿ ನೋಡಿದ, ಮುಂದೆ ಹೋದ.